ತಾಯಿಯ ಆರೋಗ್ಯ, ಮನೆಮಂದಿಯ ಹೃದಯ

ಗರ್ಭದಲ್ಲಿರುವ ಶಿಶುವಿನ ಹೃದಯ ಗರ್ಭಧಾರಣೆಯಾದ ಸುಮಾರು ಮೂರು ವಾರಗಳಲ್ಲೇ ಮಿಡಿಯತೊಡಗುತ್ತದೆ. ಆ ಹೃದಯದ ಮುಂದಿನ ಆರೋಗ್ಯಕ್ಕೂ ತಾಯಿಗೆ ಸಿಗುವ ಪೋಷಣೆಗೂ ನಂಟಿರುವುದಕ್ಕೆ ಮೈಸೂರಿನಲ್ಲೇ ಪುರಾವೆ ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯ ಜನನ ದಾಖಲೆಗಳನ್ನು ಅವರ ನಂತರದ ಆರೋಗ್ಯದೊಂದಿಗೆ ಹೋಲಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚಾಗಿತ್ತು. ತಾಯಿಯ ತೂಕವೂ ಕಡಿಮೆಯಿದ್ದಲ್ಲಿ ಅದು ಇನ್ನಷ್ಟು ಹೆಚ್ಚಿತ್ತು. ಪೋಷಣೆ ಸಾಲದಾದಾಗ ಶಿಶುವಿನ ದೇಹ ಮಿದುಳನ್ನು ಕಾಪಾಡಿಕೊಂಡು, ಉಳಿದ ಅಂಗಗಳ ಬೆಳವಣಿಗೆಯಲ್ಲಿ ಮಿತವ್ಯಯ ಮಾಡುತ್ತದೆ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ.

ಮಗು ಹುಟ್ಟಿದ ಮೇಲೆ ಈ ನಂಟು ಅಡುಗೆಮನೆಯಲ್ಲಿ ಮುಂದುವರಿಯುತ್ತದೆ. ನಾಲಿಗೆಯ ರುಚಿ ರೂಢಿಯಾಗುವುದು ಎಳವೆಯಲ್ಲಿ. ಹಾಗಾಗಿ ಒಂದು ವರ್ಷ ತುಂಬುವವರೆಗೆ ಕೂಸಿನ ಊಟಕ್ಕೆ ಉಪ್ಪು, ಸಕ್ಕರೆ ಬೆರೆಸಬಾರದು. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಉಪ್ಪಿನ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಏರಿ ಒತ್ತಡ ಹೆಚ್ಚುತ್ತದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಹಾನಿಕರ ಅಂಶಗಳು ಸೇರಿಕೊಳ್ಳುತ್ತವೆ. ಸೊಪ್ಪಿನ ಸಾರು, ಹುರುಳಿ, ರಾಗಿ, ಮೊಳಕೆಕಾಳಿನ ಕೋಸಂಬರಿ ನಾರಿನಂಶವುಳ್ಳ ಒಳ್ಳೆಯ ಆಹಾರ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಓಡಾಟದ ಆಟ ಬೇಕು. ಮನೆಯೊಳಗೆ ಬೀಡಿ, ಸಿಗರೇಟಿನ ಹೊಗೆ ಸುಳಿಯಬಾರದು, ಏಕೆಂದರೆ ಸೇದದವರ ರಕ್ತನಾಳಗಳನ್ನೂ ಅದು ಕೆಡಿಸುತ್ತದೆ.

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಯ ಹೃದಯವೇ ಹಲವು ಮನೆಗಳಲ್ಲಿ ಗಮನಕ್ಕೆ ಬರುವುದಿಲ್ಲ. ಬಸುರಿನಲ್ಲಿ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದವರಿಗೆ ಮುಂದೆ ಹೃದ್ರೋಗದ ಸಾಧ್ಯತೆ ಹೆಚ್ಚು. ಹೆರಿಗೆಯ ನಂತರವೂ ಅವರು ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳಬೇಕು. ಹೃದಯಾಘಾತವಾದಾಗ ಹೆಂಗಸರಲ್ಲಿ ಎದೆನೋವಿನ ಜೊತೆಗೆ, ಕೆಲವೊಮ್ಮೆ ಎದೆನೋವಿಲ್ಲದೆಯೂ, ಉಸಿರುಕಟ್ಟು, ವಿಪರೀತ ಸುಸ್ತು, ಓಕರಿಕೆ, ಬೆನ್ನು ಅಥವಾ ದವಡೆಯ ನೋವು ಕಾಣಿಸಬಹುದು. ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಕಾಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮನೆಯ ಊಟದ ಹದ ತಾಯಿಯ ಕೈಯಲ್ಲಿದ್ದರೂ ಹೊಣೆ ಅವಳೊಬ್ಬಳದಲ್ಲ. ದಿನಸಿ ತರುವವರು, ಉಣ್ಣುವವರು, ಹೊಗೆ ಸೇದುವವರು ಎಲ್ಲರೂ ಅದರಲ್ಲಿ ಪಾಲುದಾರರು. ತಾಯಿಗೆ ಹೊತ್ತಿಗೆ ಸರಿಯಾಗಿ ಊಟ, ವಿಶ್ರಾಂತಿ, ತಪಾಸಣೆ ಸಿಗುವಂತೆ ನೋಡಿಕೊಳ್ಳುವುದೇ ಮನೆಮಂದಿಯ ಹೃದಯ ಕಾಯುವ ಮೊದಲ ಕೆಲಸ.