ಹೊಟ್ಟೆನೋವು ತಗ್ಗಿತೆಂದು ಸುಮ್ಮನಿರಬೇಡಿ

ಗುಲ್ಮಕ್ಕೆ ರಕ್ತ ಒಯ್ಯುವ ಅಪಧಮನಿಯ ಗೋಡೆ ಕೆಲವರಲ್ಲಿ ದುರ್ಬಲವಾಗಿ ಬಲೂನಿನಂತೆ ಉಬ್ಬುತ್ತದೆ. ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಅಪರೂಪದ ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ, ಅದರಲ್ಲೂ ಹಲವು ಹೆರಿಗೆಯಾದವರಲ್ಲಿ ಹೆಚ್ಚು. ಒಡೆಯುವವರೆಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ.

ಒಡೆದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಹಠಾತ್ ತೀವ್ರ ನೋವು, ಎಡ ಭುಜದ ನೋವು, ತಣ್ಣನೆಯ ಬೆವರು, ತಲೆಸುತ್ತು ಬರುತ್ತವೆ. ರಕ್ತ ಮೊದಲು ಜಠರದ ಹಿಂದಿನ ಸಣ್ಣ ಜಾಗದಲ್ಲಿ ತಡೆದು ನಿಲ್ಲಬಹುದು. ಆಗ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾರೆ. ಆ ಜಾಗ ತುಂಬಿ ರಕ್ತ ಹೊಟ್ಟೆಯೊಳಗೆ ಹರಿದರೆ ಪ್ರಾಣಾಪಾಯ. ಗರ್ಭಿಣಿಯಾದರೆ ತಾಯಿ, ಮಗು ಇಬ್ಬರಿಗೂ.

ಸಿಟಿ ಆಂಜಿಯೋಗ್ರಾಂನಲ್ಲಿ ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯವಾಗಿ ತೊಡೆಯ ಸಂದಿನ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ಲೋಹದ ಸುರುಳಿಗಳಿಂದ ಅದನ್ನು ಮುಚ್ಚುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಒಡೆಯುವ ಮೊದಲೇ ಪತ್ತೆಯಾದರೆ, ಗಾತ್ರ 2 ಸೆಂ.ಮೀ. ದಾಟಿದವರಿಗೂ ಗರ್ಭ ಧರಿಸುವ ವಯಸ್ಸಿನ ಮಹಿಳೆಯರಿಗೂ ವೈದ್ಯರು ಚಿಕಿತ್ಸೆ ಸೂಚಿಸುತ್ತಾರೆ.

ಇಂತಹ ನೋವನ್ನು ಗ್ಯಾಸ್ ಅಥವಾ ಉಪವಾಸದ ಆಯಾಸವೆಂದು ತಿಳಿದು ಮಾತ್ರೆ ನುಂಗಿ ಕಾಯಬೇಡಿ. ದೇವರ ಹಿಪ್ಪರಗಿ ಸುತ್ತಲಿನವರು 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಮತ್ತು ರಕ್ತನಿಧಿ ಇರುವ ವಿಜಯಪುರದ ದೊಡ್ಡ ಆಸ್ಪತ್ರೆಗೆ ತಲುಪಬೇಕು. ರಕ್ತ ಕೊಡಬಲ್ಲ ಇಬ್ಬರು ಜೊತೆಗಿರಲಿ. ದಾರಿಯಲ್ಲಿ ನೋವು ಇಳಿದರೂ ಮನೆಗೆ ಹಿಂತಿರುಗಬೇಡಿ.