ಜಠರಕ್ಕೆ ಕಟ್ಟಿದ ಪಟ್ಟಿಯೂ ಮನೆಯವರ ಕರ್ತವ್ಯವೂ

ಇಟಗಿ ಎಂದೊಡನೆ ವಾಚಕರಿಗೆ ಅಲ್ಲಿಯ ಮಹಾದೇವ ದೇವಾಲಯದ ನೆನಪಾಗುವುದು ಸಹಜ. ಕ್ರಿ. ಶ. ೧೧೧೨ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದ ಆ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ಯೆಂದು ಕರೆದಿದೆ. ಆದರೆ ನಾವು ಈ ಸಲ ಆ ಊರನ್ನು ನೆನೆದುದು ಬೇರೊಂದು ಕಾರಣಕ್ಕಾಗಿ. ಕುಕನೂರಿನಿಂದ ಸುಮಾರು ೭ ಕಿಲೋಮೀಟರು ದೂರದಲ್ಲಿರುವ ಇಂತಹ ಹಳ್ಳಿಗಳಿಂದ ಎಷ್ಟೋ ಮಂದಿ ಉದ್ಯೋಗಕ್ಕಾಗಿ ದೊಡ್ಡ ಪಟ್ಟಣಗಳನ್ನು ಸೇರಿ, ಮದುವೆಗೋ ಜಾತ್ರೆಗೋ ಊರಿಗೆ ಬರುತ್ತಿರುತ್ತಾರೆ.

ಅಂತಹ ಒಬ್ಬ ಮಗಳನ್ನು ಊಹಿಸಿಕೊಳ್ಳಿರಿ. ಬೊಜ್ಜಿನ ಬಾಧೆಯನ್ನು ತಾಳಲಾರದೆ ಕೆಲವು ವರ್ಷಗಳ ಹಿಂದೆ ಪಟ್ಟಣದಲ್ಲಿ ಜಠರಕ್ಕೆ ಪಟ್ಟಿ ಹಾಕಿಸಿಕೊಂಡಿದ್ದಾಳೆ. ಜನರ ನಗೆಗೆ ಅಂಜಿ ಮನೆಯಲ್ಲಿ ತಿಳಿಸಿಲ್ಲ. ಮದುವೆಯ ಊಟದಲ್ಲಿ ಖಟಿ ರೊಟ್ಟಿಯನ್ನು ಅವಸರದಿಂದ ನುಂಗಿದಳು. ಎದೆಯಲ್ಲಿ ಬಿಗಿತ, ಬಾಯಲ್ಲಿ ಜೊಲ್ಲು, ಬಳಿಕ ವಾಂತಿ. “ಪಿತ್ತ ಕೆರಳಿದೆ, ಲಿಂಬೆಹಣ್ಣಿನ ಸೋಡಾ ಕುಡಿಸಿರಿ” ಎಂದರು ಹಿರಿಯರು. ಹೀಗೆ ಎರಡು ದಿನ ಕಳೆದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಈ ಪಟ್ಟಿಯೆಂದರೇನು? ಜಠರದ ಮೇಲ್ಭಾಗಕ್ಕೆ ಸುತ್ತುವ ಸಿಲಿಕೋನಿನ ಬಳೆ. ಅದರೊಳಗಿನ ಚೀಲಕ್ಕೆ ಉಪ್ಪುನೀರನ್ನು ತುಂಬಿದರೆ ಬಿಗಿಯಾಗುತ್ತದೆ, ತೆಗೆದರೆ ಸಡಿಲಾಗುತ್ತದೆ. ಇದಕ್ಕಾಗಿ ಹೊಟ್ಟೆಯ ಚರ್ಮದಡಿಯಲ್ಲಿ ಒಂದು ಚಿಕ್ಕ ಗುಂಡಿಯನ್ನಿಟ್ಟು, ಸಣ್ಣ ನಳಿಗೆಯಿಂದ ಬಳೆಗೆ ಜೋಡಿಸಿರುತ್ತಾರೆ. ಈ ಬಗೆಯ ಪಟ್ಟಿಯನ್ನು ೧೯೮೬ರಲ್ಲಿ ಅಮೆರಿಕದಲ್ಲಿ ಡಾ. ಕುಜ್‌ಮಾಕ್ ಎಂಬವರು ಬಳಕೆಗೆ ತಂದರು. ೧೯೯೩ರಲ್ಲಿ ಬೆಲ್ಜಿಯಮ್ಮಿನ ಡಾ. ಬೆಲಾಚ್ಯೂ ಅವರು ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ದುರ್ಬೀನಿನ ಸಹಾಯದಿಂದ ಅದನ್ನು ತೊಡಿಸಿದರು. ಇತ್ತೀಚೆಗೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಯು ಹೆಚ್ಚು ರೂಢಿಗೆ ಬಂದು, ಪಟ್ಟಿಯ ಬಳಕೆಯು ಬಹಳ ಕಡಿಮೆಯಾಗಿದೆ. ಆದರೂ ಹಿಂದೆ ಹಾಕಿಸಿಕೊಂಡವರ ದೇಹದಲ್ಲಿ ಅದು ಇದ್ದೇ ಇರುವುದರಿಂದ, ಅದರ ತೊಡಕುಗಳನ್ನು ಮನೆಯವರು ಅರಿತಿರತಕ್ಕದ್ದು.

ಮೊದಲನೆಯದು, ಆಹಾರವು ಸಿಕ್ಕಿಕೊಳ್ಳುವುದು. ಒಣರೊಟ್ಟಿ, ಮೆತ್ತನೆಯ ಅನ್ನದ ಮುದ್ದೆ, ನಾರಿನ ಪಲ್ಲೆ, ಮಾಂಸ ಇವು ಸರಿಯಾಗಿ ಅಗಿಯದಿದ್ದರೆ ಪಟ್ಟಿಯ ಬಳಿ ನಿಂತುಬಿಡುತ್ತವೆ. ಆಗ ನೀರು ಕುಡಿಸಿ ತಳ್ಳಲೆತ್ನಿಸಕೂಡದು. ತಿನ್ನುವುದನ್ನು ನಿಲ್ಲಿಸಿ ಕುಳಿತಿರಬೇಕು. ತನ್ನ ಉಗುಳನ್ನೇ ನುಂಗಲಾಗದಿದ್ದರೆ, ಇಲ್ಲವೆ ನೀರೂ ನಿಲ್ಲದಿದ್ದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಲ್ಲ ವೈದ್ಯರು ಚರ್ಮದಡಿಯ ಗುಂಡಿಗೆ ಅದಕ್ಕೆಂದೇ ಇರುವ ಸೂಜಿಯನ್ನು ಚುಚ್ಚಿ ಉಪ್ಪುನೀರನ್ನು ಹೊರತೆಗೆದರೆ, ಅನೇಕರಿಗೆ ಕ್ಷಣದಲ್ಲಿಯೇ ಹಾಯೆನಿಸುವುದು.

ಎರಡನೆಯದು, ಪಟ್ಟಿಯು ಜಾರುವುದು. ಬಿಡದ ವಾಂತಿ, ಮಲಗಿದಾಗ ಹುಳಿನೀರು ಗಂಟಲಿಗೆ ಬಂದು ಕೆಮ್ಮು, ಮೇಲ್ಹೊಟ್ಟೆಯಲ್ಲಿ ನೋವು ಇದರ ಗುರುತುಗಳು. ನೋವು ತೀವ್ರವಾದರೆ ಜಠರಕ್ಕೆ ರಕ್ತವು ಹರಿಯದೆ ಆ ಭಾಗವೇ ಸಾಯುವ ಭಯವುಂಟು. ಕ್ಷ-ಕಿರಣದ ಚಿತ್ರದಲ್ಲಿ ಪಟ್ಟಿಯ ಓರೆ ಬದಲಾದುದು ಕಾಣುತ್ತದೆ. ಕೂಡಲೆ ಪಟ್ಟಿಯನ್ನು ಸಡಿಲಿಸಬೇಕು; ಅನೇಕ ವೇಳೆ ಶಸ್ತ್ರಕ್ರಿಯೆಯೂ ಬೇಕಾಗುವುದು.

ಮೂರನೆಯದು ಮೆಲ್ಲಗೆ ಬರುವಂತಹದು. ಪಟ್ಟಿಯು ಜಠರದ ಗೋಡೆಯನ್ನು ಸವೆಸಿ ಒಳಹೊಗುತ್ತದೆ. ಹಸಿವು ಮತ್ತೆ ಹೆಚ್ಚುವುದು, ತೂಕ ಏರುವುದು, ವರ್ಷಗಳ ಬಳಿಕ ಗುಂಡಿಯ ಸುತ್ತಲೂ ಕೆಂಪಾಗಿ ಕೀವಾಗುವುದು ಇದರ ಸೂಚನೆಗಳಾಗಿರಬಹುದು. ಬಾಯಿಯ ಮೂಲಕ ದುರ್ಬೀನನ್ನಿಳಿಸಿ ನೋಡಿ, ಸವೆತವು ನಿಜವಾದರೆ ಪಟ್ಟಿಯನ್ನು ತೆಗೆಯುವುದೇ ಮಾರ್ಗ.

ಇನ್ನೊಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ. ದಿನಗಟ್ಟಲೆ ವಾಂತಿಯಾದವರಲ್ಲಿ ಬಿ-೧ ಜೀವಸತ್ವವು ಬರಿದಾಗಿ, ನಡಿಗೆ ತೂರಾಡುವುದು, ದೃಷ್ಟಿ ಎರಡಾಗುವುದು, ಬುದ್ಧಿ ಮಂಕಾಗುವುದು ಉಂಟು. ಬರಿಯ ಗ್ಲೂಕೋಸ್ ಏರಿಸಿದರೆ ಆ ಕೊರತೆಯು ಇನ್ನೂ ಉಲ್ಬಣಿಸಬಹುದು. ಆದುದರಿಂದ ಬಿ-೧ ಚುಚ್ಚುಮದ್ದನ್ನು ಅದಕ್ಕೆ ಮೊದಲು ಇಲ್ಲವೆ ಅದರೊಡನೆಯೇ ಕೊಡುತ್ತಾರೆ. ಹೊಟ್ಟೆಯಲ್ಲಿ ಪಟ್ಟಿಯಿದೆಯೆಂಬುದು ವೈದ್ಯರಿಗೆ ತಿಳಿಯದಿದ್ದರೆ ಈ ಯೋಚನೆಯು ಅವರಿಗೆ ಹೊಳೆಯುವುದು ಹೇಗೆ? ಗರ್ಭಿಣಿಯರ ವಾಂತಿಯಲ್ಲಂತೂ ಎಲ್ಲರೂ ಬಸುರಿನ ಬಯಕೆಯೆಂದೇ ಬಗೆಯುವುದರಿಂದ ಎಚ್ಚರವು ಇಮ್ಮಡಿಯಾಗಿರಬೇಕು.

ಆದುದರಿಂದ ಪಟ್ಟಿಯುಳ್ಳವರು ಶಸ್ತ್ರಕ್ರಿಯೆಯ ದಿನಾಂಕ, ಪಟ್ಟಿಯ ಜಾತಿ, ತುಂಬಿದ ನೀರಿನ ಅಳತೆ, ಶಸ್ತ್ರವೈದ್ಯರ ದೂರವಾಣಿ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸದಾ ಜೊತೆಯಲ್ಲಿಟ್ಟುಕೊಳ್ಳಲಿ. ಸಣ್ಣ ತುತ್ತು, ನಿಧಾನದ ಅಗಿತ, ಹೊಟ್ಟೆ ತುಂಬಿತೆಂದೊಡನೆ ನಿಲ್ಲಿಸುವುದು ಇವು ವ್ರತದಂತಿರಲಿ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ತೊಂದರೆಯಿಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳುವುದನ್ನು ಬಿಡಬಾರದು.

ಮನೆಯ ಹಿರಿಯರಿಗೆ ನಮ್ಮ ಬಿನ್ನಹವೊಂದಿದೆ. “ಒಂದೇ ರೊಟ್ಟಿಯೇ? ಇನ್ನೊಂದು ನೀಡುತ್ತೇನೆ” ಎಂಬ ಉಪಚಾರವು ಪ್ರೀತಿಯದಾದರೂ ಇವರ ಪಾಲಿಗೆ ಅಪಾಯಕರ. ಸ್ಥೂಲಕಾಯವು ಹೊಟ್ಟೆಬಾಕತನವಲ್ಲ, ವ್ಯಾಧಿ. ಅದಕ್ಕೆ ಚಿಕಿತ್ಸೆ ಪಡೆದವರು ತಪ್ಪು ಮಾಡಿದವರಲ್ಲ. ಇಟಗಿಯ ಆ ಮಗಳು ನಗೆಗೆ ಅಂಜದೆ ತನ್ನ ತಾಯಿಯ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ, ತಾಯಿಯು ಸೋಡಾ ಬಿಟ್ಟು ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದಳು. ಅಂತಹ ಮಾತನ್ನು ಅಂಜದೆ ಆಡಬಹುದಾದ ಮನೆಯೇ ರೋಗಿಗೆ ಮೊದಲ ಔಷಧ.