ರಾಜೀನಾಮೆಯಲ್ಲ, ರಜೆಯ ಅರ್ಜಿ ಬರೆಯಿರಿ

ಬಿ.ಎಡ್. ಮುಗಿಸಿ, ಮೂರ್ನಾಲ್ಕು ಕಡೆ ಸಂದರ್ಶನ ಕೊಟ್ಟು, ಕೊನೆಗೂ ಜೂನ್ ತಿಂಗಳಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ತಾಯಿಗೂ ಅತ್ತೆಗೂ ಒಂದೊಂದು ಸೀರೆ. ಸೆಪ್ಟೆಂಬರ್ ಹೊತ್ತಿಗೆ ಬೆಳಗಿನ ಅಸೆಂಬ್ಲಿಯಲ್ಲಿ ನಿಂತಾಗ ತಲೆಸುತ್ತು, ವಾಕರಿಕೆ. ಮನೆಯಲ್ಲಿ ಸಂಭ್ರಮ. ಆದರೆ ಆಕೆಗೆ ಮಾತ್ರ ಚಿಂತೆ: ‘ಸೇರಿ ನಾಲ್ಕು ತಿಂಗಳೂ ಆಗಿಲ್ಲ, ಶಾಲೆಯಲ್ಲಿ ಹೇಗೆ ಹೇಳಲಿ?’

ಹೇಳದೆಯೇ ಡಿಸೆಂಬರ್ ಬಂತು. ಮುಚ್ಚಿಡುವ ಹಂತ ದಾಟಿದಾಗ ಆಫೀಸಿಗೆ ಕರೆ ಬಂತು. “ನೀವಿನ್ನೂ ಪ್ರೊಬೇಷನ್‌ನಲ್ಲಿದ್ದೀರಿ ಟೀಚರ್. ನಿಮಗೆ ಹೆರಿಗೆ ರಜೆ ಬರುವುದಿಲ್ಲ. ರಾಜೀನಾಮೆ ಬರೆದುಕೊಡಿ, ಮಗು ಸ್ವಲ್ಪ ದೊಡ್ಡದಾದ ಮೇಲೆ ನೋಡೋಣ.” ಆಕೆ ಬರೆದುಕೊಟ್ಟಳು. ಕೊನೆಗೆ ‘ಥ್ಯಾಂಕ್ಸ್ ಸರ್’ ಎಂದೂ ಹೇಳಿ ಬಂದಳು.

ಈ ಕತೆಗೆ ಊರಿನ ಹೆಸರು ಬೇಕಿಲ್ಲ. ಇಂತಹ ಟೀಚರ್ ನಿಮ್ಮ ಮನೆಯಲ್ಲೇ ಇರಬಹುದು. ಆಕೆ ಕಳಕೊಂಡದ್ದು ಬರೇ ಕೆಲಸವನ್ನಲ್ಲ. ಆರು ತಿಂಗಳ ಸಂಬಳವನ್ನೂ ತನ್ನ ಕೈಯಾರೆ ಬರೆದು ಕೊಟ್ಟಳು.

ಎಂಬತ್ತು ದಿನಗಳ ಲೆಕ್ಕ

ಹೆರಿಗೆ ಸೌಲಭ್ಯಕ್ಕಾಗಿ ನಮ್ಮ ದೇಶದಲ್ಲಿ 1961ರಲ್ಲೇ ಕಾಯ್ದೆ ಬಂತು. 2017ರ ತಿದ್ದುಪಡಿಯಿಂದ ಸಂಬಳ ಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಈ ಹಕ್ಕುಗಳು ಹಾಗೆಯೇ ಮುಂದುವರಿದಿವೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಇದು ಅನ್ವಯ.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. ಪ್ರೊಬೇಷನ್ ಮುಗಿದಿರಬೇಕು, ಕೆಲಸ ಖಾಯಂ ಆಗಿರಬೇಕು ಎಂಬ ಶರತ್ತು ಕಾನೂನಿನಲ್ಲಿಲ್ಲ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು, ಅಷ್ಟೆ. ಜೂನ್‌ನಲ್ಲಿ ಸೇರಿ ಡಿಸೆಂಬರ್‌ವರೆಗೆ ಪಾಠ ಮಾಡಿದ ನಮ್ಮ ಟೀಚರ್ ಆ ಗೆರೆಯನ್ನು ಎಂದೋ ದಾಟಿದ್ದಳು!

26 ವಾರಗಳಲ್ಲಿ ಗರಿಷ್ಠ 8 ವಾರಗಳನ್ನು ಹೆರಿಗೆಗೆ ಮೊದಲೇ ಪಡೆಯಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ರಜೆ 12 ವಾರ. ಗರ್ಭಪಾತವಾದರೆ 6 ವಾರಗಳ ಸಂಬಳ ಸಹಿತ ರಜೆ ಇದೆ. ದುಃಖದಲ್ಲಿರುವ ಎಷ್ಟೋ ಸಹೋದರಿಯರಿಗೆ ಇದು ಗೊತ್ತೇ ಇರುವುದಿಲ್ಲ. ಸಂಸ್ಥೆ ಉಚಿತ ವೈದ್ಯಕೀಯ ಆರೈಕೆ ಕೊಡದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಕೊಡಬೇಕು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು, ಸೇವಾ ಶರತ್ತುಗಳನ್ನು ಆಕೆಗೆ ನಷ್ಟವಾಗುವಂತೆ ಬದಲಿಸುವುದು ಕಾನೂನುಬಾಹಿರ.

ಕರ್ನಾಟಕ ಸರಕಾರದ ಖಾಯಂ ಹುದ್ದೆಗೆ ಆಯ್ಕೆಯಾದ ಶಿಕ್ಷಕಿಯರಿಗೆ ಸೇವಾ ನಿಯಮದಂತೆ 180 ದಿನಗಳ ರಜೆ ಇದೆ. ಪರೀಕ್ಷಾರ್ಥ ಅವಧಿಯಲ್ಲೂ ಅದು ಸಿಗುತ್ತದೆ.

‘ನೀವು ಒಪ್ಪಂದದವರು’ ಎಂದರೆ?

ಕೆಲವು ಶಾಲೆಗಳು ಜೂನ್‌ನಿಂದ ಮಾರ್ಚ್‌ವರೆಗೆ ಮಾತ್ರ ನೇಮಕ ಮಾಡಿಕೊಳ್ಳುತ್ತವೆ. ಖಾಯಂ ಅಲ್ಲದವರಿಗೆ ರಜೆ ಎಲ್ಲಿಯದು ಎಂದು ಕೇಳುತ್ತವೆ. ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2000ದಲ್ಲೇ ಉತ್ತರಿಸಿದೆ. ದೆಹಲಿ ಮಹಾನಗರ ಪಾಲಿಕೆಯಲ್ಲಿ ದಿನಗೂಲಿಗೆ ದುಡಿಯುತ್ತಿದ್ದ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಕೊಡಬೇಕೆಂದು ಅದು ಆದೇಶಿಸಿತು. ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅರ್ಹತೆ ಪಡೆದ ಬಳಿಕ ಒಪ್ಪಂದದ ಅವಧಿ ಮುಗಿದರೂ ಪೂರ್ಣ ಸೌಲಭ್ಯ ಸಲ್ಲಬೇಕು ಎಂದಿತು. 2025ರ ಮೇ ತಿಂಗಳಲ್ಲಿ ತಮಿಳುನಾಡಿನ ಒಬ್ಬ ಸರಕಾರಿ ಶಾಲಾ ಶಿಕ್ಷಕಿಯ ಪರವಾಗಿ ತೀರ್ಪು ಕೊಡುತ್ತಾ, ಹೆರಿಗೆ ರಜೆಯು ಮಹಿಳೆಯ ಸಂತಾನ ಸಂಬಂಧಿ ಹಕ್ಕಿನ ಭಾಗ ಎಂದು ಹೇಳಿತು.

ನೆರೆಯ ಕೇರಳದಲ್ಲಿ ಅನುದಾನರಹಿತ ಖಾಸಗಿ ಶಾಲೆಗಳ ಶಿಕ್ಷಕಿಯರನ್ನು 2020ರಲ್ಲಿ ಸ್ಪಷ್ಟ ಅಧಿಸೂಚನೆಯ ಮೂಲಕವೇ ಹೆರಿಗೆ ಸೌಲಭ್ಯ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು.

ಹೇಳುವುದು ಹೇಗೆ?

ಮೊದಲ ಸ್ಕ್ಯಾನಿಂಗ್ ಆದ ಮೇಲೆ ಮುಖ್ಯೋಪಾಧ್ಯಾಯರಿಗೆ ನೀವೇ ತಿಳಿಸುವುದು ಒಳ್ಳೆಯದು. ಇನ್ನೊಬ್ಬರ ಬಾಯಿಂದ ಅವರಿಗೆ ಗೊತ್ತಾಗುವುದು ಬೇಡ. ಬಾಯಿಮಾತಿನ ಜೊತೆಗೆ ಒಂದು ಪತ್ರವೂ ಇರಲಿ. ಹೆರಿಗೆಯ ನಿರೀಕ್ಷಿತ ದಿನ, ರಜೆ ಯಾವ ತಾರೀಕಿನಿಂದ ಬೇಕು, ಹಣವನ್ನು ಯಾರಿಗೆ ಕೊಡಬೇಕು ಎಂದು ಬರೆಯಿರಿ. ವೈದ್ಯರ ಪ್ರಮಾಣಪತ್ರ ಮತ್ತು ತಾಯಿ ಕಾರ್ಡಿನ ನಕಲು ಲಗತ್ತಿಸಿ. ಇನ್ನೊಂದು ಪ್ರತಿಯಲ್ಲಿ ತಾರೀಕು ಸಹಿತ ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ.

ನೇಮಕಾತಿ ಪತ್ರ, ಸಂಬಳದ ಚೀಟಿ, ಹಾಜರಾತಿಯ ದಾಖಲೆ ಜೋಪಾನವಾಗಿರಲಿ. ನೇಮಕಾತಿ ಪತ್ರವನ್ನೇ ಕೊಡದ ಶಾಲೆಯಾದರೆ ಬ್ಯಾಂಕ್ ಪಾಸ್‌ಬುಕ್ ನಿಮ್ಮ ಸಾಕ್ಷಿ. ಸಂಬಳದಿಂದ ಇ.ಎಸ್.ಐ. ಕಡಿತವಾಗುತ್ತಿದ್ದರೆ ರಜೆಯ ಹಣವನ್ನು ಶಾಲೆಯಲ್ಲ, ಇ.ಎಸ್.ಐ. ನಿಗಮವೇ ಕೊಡುತ್ತದೆ. ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಸಂದಾಯವಾಗಿರಬೇಕು.

‘ರಾಜೀನಾಮೆ ಬರೆಯಿರಿ’ ಎಂದು ಒತ್ತಾಯಿಸಿದರೆ ಅಲ್ಲೇ ಸಹಿ ಹಾಕಬೇಡಿ. “ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ ಸರ್” ಎಂದು ಎದ್ದು ಬನ್ನಿ. ಶಾಲೆಯೇ ತೆಗೆದರೆ ನೀವು ಪ್ರಶ್ನಿಸಬಹುದು. ನೀವಾಗಿಯೇ ಬಿಟ್ಟರೆ ಪ್ರಶ್ನಿಸುವುದು ಬಹಳ ಕಷ್ಟ. ವಜಾ ಆದೇಶ ಬಂದರೆ ಅದು ತಲುಪಿದ 60 ದಿನಗಳೊಳಗೆ ಕಾರ್ಮಿಕ ಇಲಾಖೆಯ ಸಂಬಂಧಪಟ್ಟ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಖಾಸಗಿ ಶಾಲೆಯವರಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯೂ ಇದೆ. ಅಲ್ಲಿಗೆ ಹೋಗಲು ಮೂರು ತಿಂಗಳ ಕಾಲಾವಕಾಶ.

ತರಗತಿಯಲ್ಲಿ ಒಂಬತ್ತು ತಿಂಗಳು

ಹಕ್ಕಿನ ಜೊತೆಗೆ ಆರೋಗ್ಯವೂ ಮುಖ್ಯ. ದಿನಕ್ಕೆ ಆರೇಳು ಪೀರಿಯಡ್ ನಿಂತು ಪಾಠ ಮಾಡುವುದು ಸುಲಭವಲ್ಲ. ಕುಳಿತು ಪಾಠ ಮಾಡಿದರೆ ಅದು ಸೋಮಾರಿತನವಲ್ಲ. ಹೆರಿಗೆಯ ದಿನಕ್ಕೆ ಮುಂಚಿನ ಆರು ವಾರಗಳು ಮತ್ತು ಅದಕ್ಕಿಂತ ಹಿಂದಿನ ಒಂದು ತಿಂಗಳಲ್ಲಿ, ಬಹಳ ಹೊತ್ತು ನಿಲ್ಲುವ ಕೆಲಸ ಬೇಡವೆಂದು ಕೇಳಿಕೊಂಡರೆ ಸಂಸ್ಥೆ ಒಪ್ಪಲೇಬೇಕು. ಅದಕ್ಕಾಗಿ ಸಂಬಳ ಕಡಿತ ಮಾಡುವಂತಿಲ್ಲ. ಮಾಳಿಗೆಯ ತರಗತಿಯನ್ನು ಕೆಳಗಿನದಕ್ಕೆ ಬದಲಿಸಿ ಕೊಡಲು ಸಹೋದ್ಯೋಗಿಗಳನ್ನು ಕೇಳಲು ಸಂಕೋಚ ಬೇಡ.

ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದಿರುವ ಅಭ್ಯಾಸ ಅನೇಕ ಟೀಚರ್‌ಗಳಿಗಿದೆ. ಗರ್ಭಿಣಿಗೆ ಇದರಿಂದ ಮೂತ್ರದ ಸೋಂಕು ತಗಲಬಹುದು. ಬೆಳಗ್ಗೆ ವಾಕರಿಕೆಯಿದ್ದರೆ ಒಣ ಬಿಸ್ಕತ್ತು, ಅವಲಕ್ಕಿಯಂತಹದ್ದನ್ನು ಬ್ಯಾಗಿನಲ್ಲಿಟ್ಟುಕೊಂಡು ಆಗಾಗ ಸ್ವಲ್ಪ ಸ್ವಲ್ಪ ತಿನ್ನಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ. ತರಗತಿಯಲ್ಲಿ ಯಾವುದೇ ಮಗುವಿಗೆ ಸಿಡುಬಿನಂತಹ ಗುಳ್ಳೆ ಅಥವಾ ಜ್ವರದೊಂದಿಗೆ ಕೆಂಪು ದದ್ದು ಕಂಡರೆ ದೂರವಿದ್ದು, ಅಂದೇ ವೈದ್ಯರಿಗೆ ತಿಳಿಸಿ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಶಾಲೆ ಬಿಡುವವರೆಗೆ ಕಾಯಬೇಡಿ. ಖರ್ಚಿನ ಚಿಂತೆಯಿದ್ದರೆ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಮರಳಿ ಕೆಲಸಕ್ಕೆ ಸೇರಿದ ಮೇಲೆ, ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಪಡೆಯುವ ಹಕ್ಕು ನಿಮಗಿದೆ.

ಆಡಳಿತ ಮಂಡಳಿಗಳಿಗೂ ಒಂದು ಮಾತು

ಸಣ್ಣ ಶಾಲೆಗಳ ಕಷ್ಟ ಸುಳ್ಳಲ್ಲ. ರಜೆಯಲ್ಲಿರುವವರಿಗೂ ಬದಲಿ ಶಿಕ್ಷಕಿಗೂ ಸಂಬಳ ಕೊಡಬೇಕು, ಜೊತೆಗೆ ಪರೀಕ್ಷೆಯ ಹೊತ್ತಿನಲ್ಲಿ ಪೋಷಕರ ದೂರು. ಆದರೆ ಆರು ತಿಂಗಳ ಮೊದಲೇ ಗೊತ್ತಾದರೆ ಬದಲಿ ವ್ಯವಸ್ಥೆ ಕಷ್ಟವಲ್ಲ. ಮುಗಿದ ಪಾಠ, ಉಳಿದ ಪಾಠ, ಹಿಂದುಳಿದ ಮಕ್ಕಳ ವಿವರ ಬರೆದಿಟ್ಟು ಹೋಗುವುದು ಟೀಚರ್‌ನ ಹೊಣೆ. ಹೆಣ್ಮಕ್ಕಳ ಶಿಕ್ಷಣಕ್ಕೆಂದು ಶಾಲೆ ಕಟ್ಟಿದ ನಾವು, ಕಲಿತ ಹೆಣ್ಣು ತಾಯಿಯಾದ ಕೂಡಲೇ ಆಕೆಗೆ ಬಾಗಿಲು ಮುಚ್ಚಿದರೆ ಆ ಶಿಕ್ಷಣಕ್ಕೆ ಅರ್ಥವೇನು?

ಮನೆಯವರೂ ಅಷ್ಟೆ. “ಸಿಗುವ ಆ ಚಿಲ್ಲರೆ ಸಂಬಳಕ್ಕೆ ಇಷ್ಟು ರಗಳೆ ಯಾಕೆ, ಬಿಟ್ಟುಬಿಡು” ಎನ್ನುವ ಮೊದಲು ಒಮ್ಮೆ ಯೋಚಿಸಲಿ. ಕೆಲಸ ಬಿಡಬೇಕೋ ಬೇಡವೋ ಎಂಬುದನ್ನು ಆಕೆಯೇ ನಿಧಾನವಾಗಿ ತೀರ್ಮಾನಿಸಲಿ. ಹೆದರಿ ಸಹಿ ಹಾಕುವುದು ತೀರ್ಮಾನವಲ್ಲ.

ಸಹೋದರಿಯರೇ, ಆಫೀಸಿನಿಂದ ಕರೆ ಬಂದಾಗ ನಿಮ್ಮ ಕೈಯಲ್ಲಿ ರಜೆಯ ಅರ್ಜಿ ಸಿದ್ಧವಾಗಿರಲಿ.